ಡಾಕ್ಟರರನ್ನು ಪ್ರಶ್ನೆ ಕೇಳುವುದು ಹೇಗೆ

ನನ್ನ ಸ್ತನದ ಗಂಟು ಕ್ಯಾನ್ಸರ್ ಎಂದು ಗೊತ್ತಾದ ದಿನ ರಾಯಚೂರಿನ ಆಸ್ಪತ್ರೆಯೊಂದರಲ್ಲಿ ವೈದ್ಯರು ಎರಡೇ ನಿಮಿಷ ಮಾತಾಡಿ, "ಸೋಮವಾರ ಬಂದು ಅಡ್ಮಿಟ್ ಆಗಿ" ಎಂದರು. ನಾನು ತಲೆಯಾಡಿಸಿ ಬಂದುಬಿಟ್ಟೆ. ನೀವು ಹಾಗೆ ಮಾಡಬೇಡಿ.

ಪ್ರಶ್ನೆಗಳನ್ನು ಮನೆಯಲ್ಲೇ ಬರೆದುಕೊಳ್ಳಿ. ಇದು ಎಷ್ಟನೇ ಹಂತ? ಚಿಕಿತ್ಸೆ ಗುಣಪಡಿಸಲಿಕ್ಕೋ, ರೋಗವನ್ನು ಹಿಡಿತದಲ್ಲಿಡಲಿಕ್ಕೋ? ಸ್ತನ ಕ್ಯಾನ್ಸರ್ ಆದರೆ ಇ.ಆರ್., ಪಿ.ಆರ್., ಹರ್-2 ಪರೀಕ್ಷೆ ಆಗಿದೆಯೇ ಎಂದು ಕೇಳಲೇಬೇಕು. ಗಂಟು ಹಾರ್ಮೋನಿನ ಬಲದಿಂದ ಬೆಳೆಯುವಂಥದ್ದೇ, ಅದರಲ್ಲಿ ಹರ್-2 ಎಂಬ ಪ್ರೋಟೀನು ಹೆಚ್ಚಿದೆಯೇ ಎಂದು ಇದು ತಿಳಿಸುತ್ತದೆ. ಔಷಧದ ಆಯ್ಕೆ ಅದರ ಮೇಲೆ ನಿಂತಿದೆ. ಜೊತೆಗೊಬ್ಬರಿರಲಿ. ಮುಂದಿನ ಸಲ ಹೋದಾಗ ನನ್ನ ತಂಗಿ ತನ್ನ ಮಗಳ ಹಳೆಯ ನೋಟ್‌ಬುಕ್ಕಿನಲ್ಲಿ ಉತ್ತರ ಬರೆದುಕೊಳ್ಳುತ್ತ, "ಸಾಹೇಬರೇ, ಇನ್ನೊಮ್ಮೆ ಹೇಳಿ" ಎಂದು ಮೂರು ಸಲ ಕೇಳಿದಳು. ವೈದ್ಯರು ಸಿಟ್ಟಾಗಲಿಲ್ಲ, ಪೆನ್ನು ತೆಗೆದು ಚಿತ್ರ ಬರೆದು ತೋರಿಸಿದರು.

ಎರಡನೇ ಅಭಿಪ್ರಾಯಕ್ಕೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೊರಟರೆ ವರದಿಯಷ್ಟೇ ಸಾಲದು, ಬಯಾಪ್ಸಿಯ, ಅಂದರೆ ಗಂಟಿನ ಚೂರು ತೆಗೆದು ಮಾಡಿದ ಪರೀಕ್ಷೆಯ, ಗಾಜಿನ ಸ್ಲೈಡು ಮತ್ತು ಬ್ಲಾಕ್ ಕೇಳಿ ಪಡೆಯಿರಿ. ಬ್ಲಾಕ್ ಎಂದರೆ ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಮೇಣದ ತುಂಡು. ಅದರೊಳಗೆ ಬೇಳೆಯಷ್ಟು ನನ್ನದೇ ಮಾಂಸ. ನಮ್ಮೂರಿನ ಬಿಸಿಲಿಗೆ ಅದನ್ನು ಒಡ್ಡಬೇಡಿ. ದಾಖಲೆ ಕೊಡಲು ಸತಾಯಿಸಿದರೆ ಲಿಖಿತ ಅರ್ಜಿ ಕೊಡಿ. ಕೇಳಿದ 72 ಗಂಟೆಯೊಳಗೆ ಕೊಡಬೇಕೆಂದು ವೈದ್ಯರ ನಡತೆಯ 2002ರ ನಿಯಮಾವಳಿಯೇ ಹೇಳುತ್ತದೆ.

ಅತ್ತೆಯವರು ನನಗಾಗಿ ಹುಡುಕಿ ತಂದ ನಾಟಿ ಪುಡಿಯನ್ನು ನಾನು ಮುಚ್ಚಿಡಲಿಲ್ಲ, ಪೊಟ್ಟಣವನ್ನೇ ವೈದ್ಯರ ಮೇಜಿನ ಮೇಲಿಟ್ಟೆ. ಕಿಮೋ ನಡೆಯುವಾಗ ಇಂಥವು ಲಿವರಿಗೆ ಪೆಟ್ಟು ಕೊಡಬಹುದು ಎಂದರು. ಅತ್ತೆಯವರೇ ಅದನ್ನು ಮರಳಿ ಚೀಲಕ್ಕೆ ಹಾಕಿಕೊಂಡರು.