ಬೆಳಗ್ಗೆ 4ರ ಮದ್ದು

6 ಗಂಟೆಗೊಮ್ಮೆ ಮದ್ದು ಅಂದ ಕೂಡಲೇ ಎಲ್ಲರೂ ಕೇಳುವುದು, ರಾತ್ರಿ ಹೇಗೆ ಏಳ್ತೀರಿ ಅಂತ. ನಮಗೆ ರಾತ್ರಿಗಿಂತ ಜಾಸ್ತಿ ಕಷ್ಟ ಕೊಟ್ಟದ್ದು ಶಾಲೆ.

ಮಗನಿಗಿರುವುದು ಸಿಸ್ಟಿನೋಸಿಸ್. ಒಂದೆರಡು ಲಕ್ಷ ಮಕ್ಕಳಲ್ಲಿ ಒಬ್ಬರಿಗೆ ಬರುವಂಥದ್ದು. ಅಪ್ಪ ಅಮ್ಮ ಇಬ್ಬರಲ್ಲೂ ಸಿಟಿಎನ್‌ಎಸ್ ಜೀನಿನ ಒಂದೊಂದು ಪ್ರತಿ ಕೆಟ್ಟಿದ್ದರೆ ಪ್ರತಿ ಮಗುವಿಗೂ 25% ಸಾಧ್ಯತೆ. ಜೀವಕೋಶದೊಳಗೆ ಸಿಸ್ಟಿನ್ ಎಂಬ ಅಮೈನೋ ಆಮ್ಲ ಸೇರಿಕೊಂಡು ಮೊದಲು ಕಿಡ್ನಿಯನ್ನು ಹಾಳು ಮಾಡುತ್ತದೆ. ಅದನ್ನು ಹೊರಗೆ ಹಾಕುವ ಮದ್ದು ಸಿಸ್ಟಿಯಮೈನ್. 12 ಗಂಟೆಗೊಮ್ಮೆ ಕೊಡುವ ಕ್ಯಾಪ್ಸೂಲೂ ಇದೆ, ನಮ್ಮ ಕೈಗೆ ಸಿಗುವುದು 6 ಗಂಟೆಯದ್ದು. ನಾಳೆ ಕಿಡ್ನಿ ಬದಲಾಯಿಸಿದರೂ ಮದ್ದು ನಿಲ್ಲಿಸುವ ಹಾಗಿಲ್ಲ. ಹೊಸ ಕಿಡ್ನಿಗೆ ಈ ರೋಗ ಬಾರದಿದ್ದರೂ ಥೈರಾಯ್ಡ್, ಸ್ನಾಯು ಉಳಿಯಬೇಕಲ್ವಾ?

ಮೊದಲು ಕೊಡುತ್ತಿದ್ದದ್ದು 6, 12, 6, 12ಕ್ಕೆ. ನಡುರಾತ್ರಿಯ ಡೋಸ್ ಯಾರಿಗೂ ಒಗ್ಗಲಿಲ್ಲ. ಕಾಸರಗೋಡಿನ ಬದಿಯಡ್ಕದ ಹತ್ತಿರ ನಮಗೆ ಸ್ವಲ್ಪ ರಬ್ಬರ್ ಇದೆ. ನಮ್ಮ ಯಜಮಾನರು ಮರದ ಹಾಲು ತೆಗೆಯಲು, ಅಂದರೆ ಟ್ಯಾಪಿಂಗಿಗೆ, ಏಳುವುದೇ 4ಕ್ಕೆ. ಮಂಗಳೂರಿನ ಡಾಕ್ಟ್ರ ಹತ್ತಿರ ಕೇಳಿದೆ. ಅಂತರ ತಪ್ಪದಿದ್ದರೆ ಸಾಕು ಅಂದರು. ಅಂದಿನಿಂದ 4, 10, 4, 10. ಇವರು ತಲೆಗೆ ಹೆಡ್‌ಲೈಟ್ ಕಟ್ಟಿಕೊಂಡೇ ಮಗನನ್ನು ಅರೆನಿದ್ದೆಯಲ್ಲಿ ಕೂರಿಸಿ ಮದ್ದು ಕುಡಿಸಿ ತೋಟಕ್ಕೆ ಇಳಿಯುತ್ತಿದ್ದರು. ಸಣ್ಣವನಿದ್ದಾಗ ಕ್ಯಾಪ್ಸೂಲ್ ಬಿಡಿಸಿ ಪುಡಿಯನ್ನು ಕುಚ್ಚಲಕ್ಕಿ ಗಂಜಿಗೆ ಬೆರೆಸುತ್ತಿದ್ದೆವು. ಲಿಂಬೆ, ಪುನರ್ಪುಳಿಯಂಥ ಹುಳಿ ಶರಬತ್ತಿಗೆ ಹಾಕಬಾರದು.

ಆದರೆ ಮಳೆ ಹಿಡಿದು ಟ್ಯಾಪಿಂಗ್ ನಿಂತರೆ ಮನೆಯೇ ಮಲಗಿಬಿಡುತ್ತದೆ. ಡೋಸ್ ತಪ್ಪಿದ್ದೆಲ್ಲ ಹೆಚ್ಚಾಗಿ ಜುಲೈ-ಆಗಸ್ಟಿನ ಆಟಿ ತಿಂಗಳಲ್ಲೇ. ಅದಕ್ಕೆ ಜೂನ್ ಬಂದರೆ ಎರಡು ಮೊಬೈಲಿಗೆ ಅಲಾರಂ. ಒಂದು ಅಡುಗೆಮನೆಯಲ್ಲಿ, ಎದ್ದು ಹೋಗಿಯೇ ಆರಿಸಬೇಕು.

ಇನ್ನು ಶಾಲೆ. ಬೆಳಗ್ಗೆ 10ರ ಮದ್ದು ತಿನ್ನಬೇಕಾದ್ದು ಅಲ್ಲೇ. ಈ ಮದ್ದಿನಿಂದ ಉಸಿರು, ಬೆವರು ಕೊಳೆತ ಮೊಟ್ಟೆಯ ಹಾಗೆ ನಾರುತ್ತದೆ. ಏಳನೇ ಕ್ಲಾಸಿನಲ್ಲಿ ಅವನ ಕಂಪಾಸ್ ಬಾಕ್ಸಿನಲ್ಲಿ ತಿನ್ನದ ಕ್ಯಾಪ್ಸೂಲುಗಳು ಸಿಕ್ಕಿದವು. ಕೇಳಿದರೆ "ಮರೆತುಹೋಯ್ತು ಅಮ್ಮ" ಅಂದ. ಆ ವಯಸ್ಸಿನ ಮಕ್ಕಳು ಮರೆಯುವುದಲ್ಲ, ನಾಚಿಕೊಳ್ಳುವುದು ಅಂತ ನನಗನ್ನಿಸುತ್ತದೆ. ಬಯ್ಯಲಿಲ್ಲ. ಟೀಚರ್ ಹತ್ತಿರ ಮಾತಾಡಿದೆ. ಬೆಲ್ಲಿಗೆ ಮೊದಲು ಸ್ಟಾಫ್ ರೂಮಿನಲ್ಲಿ, ಬೇರೆ ಮಕ್ಕಳು ಇಲ್ಲದಾಗ ತಿನ್ನುವುದು ಅಂತಾಯಿತು. ಏಲಕ್ಕಿ ಜಗಿದರೆ ಬಾಯಿಯ ವಾಸನೆ ಒಂಚೂರು ಕಡಿಮೆ. ಬೆವರಿಗೆ ಏನೂ ದಾರಿಯಿಲ್ಲ. ಇಬ್ಬರು ಗೆಳೆಯರಿಗೆ ಅವನೇ ವಿಷಯ ಹೇಳಿದ. ಅದರಿಂದ ಆದಷ್ಟು ಉಪಕಾರ ನನ್ನ ಉಪದೇಶದಿಂದ ಆಗಲಿಲ್ಲ.

ಬಿಳಿ ರಕ್ತಕಣದ ಸಿಸ್ಟಿನ್ ಪರೀಕ್ಷೆಯಲ್ಲಿ ಡೋಸ್ ತಪ್ಪಿಸಿದ್ದು ಗೊತ್ತಾಗುತ್ತದೆ. ಎಲ್ಲ ಲ್ಯಾಬಿನಲ್ಲೂ ಆಗುವಂಥದ್ದಲ್ಲ. ಮದ್ದು ಕೊಟ್ಟು ಐದಾರು ಗಂಟೆಯಾದ ಮೇಲೆ, ಮುಂದಿನ ಡೋಸಿಗೆ ಮೊದಲು ರಕ್ತ ತೆಗೆಯಬೇಕು. ರಿಪೋರ್ಟನ್ನು ಈಗ ಮೊದಲು ಅವನ ಕೈಗೇ ಕೊಡುತ್ತೇವೆ.

ಕಣ್ಣಿನ ಹನಿ ಮದ್ದು ಬೇರೆಯೇ. ನುಂಗಿದ್ದು ಕಣ್ಣಿನ ಮುಂದಿನ ಪಾರದರ್ಶಕ ಪದರಕ್ಕೆ, ಅಂದರೆ ಕಾರ್ನಿಯಾಕ್ಕೆ, ತಲುಪುವುದಿಲ್ಲ. ಉರಿಯುತ್ತದೆ ಅಂತ ಅದರಲ್ಲಿ ಈಗಲೂ ಕಳ್ಳಾಟ ಆಡ್ತಾನೆ.