ಡಚ್ ಮಕ್ಕಳಿಗೆ ಬಾಸ್ಕೆಟ್‌ಬಾಲ್ ಕಲಿಸಲು ಹೋಗಿ ನಾನು ಕಲಿತದ್ದು

"ಅಲ್ಲಿ ಎಲ್ಲರೂ ಫುಟ್‌ಬಾಲ್ ಆಡೋರಲ್ವಾ?" ನಾನು ನೆದರ್‌ಲ್ಯಾಂಡ್ಸ್‌ನಲ್ಲಿ ಬಾಸ್ಕೆಟ್‌ಬಾಲ್ ಕೋಚ್ ಎಂದರೆ ಊರಿನವರು ಕೇಳುವ ಮೊದಲ ಪ್ರಶ್ನೆ ಇದು. ನಿಜ, ನಾನಿರುವ ಐಂಡ್‌ಹೋವನ್ ಕಡೆ ಯಾರನ್ನು ಕೇಳಿದರೂ ಪಿಎಸ್‌ವಿ ಫುಟ್‌ಬಾಲ್ ತಂಡದ ಮಾತೇ. ಆದರೆ 2.24 ಮೀಟರ್ ಎತ್ತರದ ರಿಕ್ ಸ್ಮಿಟ್ಸ್ ಹುಟ್ಟಿದ್ದೂ ಇದೇ ಊರಲ್ಲಿ. 1988ರಿಂದ 2000ದವರೆಗೆ ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯಲ್ಲಿ ಇಂಡಿಯಾನಾ ಪೇಸರ್ಸ್‌ಗೆ ಆಡಿದವರು.

ಸ್ಮಿಟ್ಸ್‌ರಂಥವರು ಅಪರೂಪ. ಇಲ್ಲಿನ ಹೆಚ್ಚಿನ ವೃತ್ತಿ ಆಟಗಾರರು ದೇಶದ ಲೀಗ್‌ನಲ್ಲೇ ಆಡಿಕೊಂಡಿರುವವರು. 2021ರಿಂದ ಆ ಲೀಗ್ ಬೆಲ್ಜಿಯಂ ಜೊತೆ ಸೇರಿ ಬಿಎನ್‌ಎಕ್ಸ್‌ಟಿ ಆಗಿದೆ. ಫುಟ್‌ಬಾಲಿನ ದುಡ್ಡು ಇದರಲ್ಲಿಲ್ಲ. ಮಂಡಿ ಮಾತು ಕೇಳದ ವಯಸ್ಸು ಬಂದಾಗ ಬೇರೆ ದಾರಿ ನೋಡಲೇಬೇಕು. ಹಾಗೆ ಕೋಚ್ ಆದವರಲ್ಲಿ ನನಗೆ ಮೆಚ್ಚುಗೆಯಾದವರು ಟೋನ್ ವಾನ್ ಹೆಲ್ಫ್ಟರನ್. ದೇಶದ ತಂಡದಲ್ಲಿ ಆಡಿ, ಆಮೇಲೆ ಅದೇ ತಂಡಕ್ಕೆ ಕೋಚ್ ಆದವರು. 2011ರಲ್ಲಿ ಅವರ ಲೈಡನ್ ತಂಡ ಲೀಗ್ ಫೈನಲ್ ಸರಣಿಯ ಏಳನೇ ಪಂದ್ಯವನ್ನು ಮೂರು ಓವರ್‌ಟೈಮ್ (ಸಮಬಲವಾದಾಗ ಆಡಿಸುವ ಹೆಚ್ಚುವರಿ ಅವಧಿ) ಆಡಿ 96–95ರಲ್ಲಿ ಗೆದ್ದಿತು. 2015ರಲ್ಲಿ ದೇಶದ ತಂಡವನ್ನು ಯುರೋಪಿನ ದೇಶಗಳ ಚಾಂಪಿಯನ್‌ಷಿಪ್ ಯೂರೋಬಾಸ್ಕೆಟ್‌ಗೆ ಕರೆದುಕೊಂಡು ಹೋದರು. 1989ರ ನಂತರ ನೆದರ್‌ಲ್ಯಾಂಡ್ಸ್ ಅಲ್ಲಿ ಕಾಲಿಟ್ಟಿದ್ದೇ ಆಗ. ಮೊದಲ ಪಂದ್ಯದಲ್ಲೇ ಜಾರ್ಜಿಯಾವನ್ನು ಒಂದು ಪಾಯಿಂಟ್‌ನಿಂದ ಸೋಲಿಸಿದರು. ಉಳಿದ ನಾಲ್ಕೂ ಸೋತರು, ಇರಲಿ. ಆ ತಂಡದಲ್ಲಿ ವರ್ದಿ ಡಿ ಯಾಂಗ್, ಆರ್ವಿನ್ ಸ್ಲಾಖ್ಟರ್ ಅಂತ ಇಬ್ಬರಿದ್ದರು. ಅವರ ವಿಷಯಕ್ಕೆ ಮತ್ತೆ ಬರುತ್ತೇನೆ.

ಮೈಸೂರಿನಲ್ಲಿ ಓದುವಾಗ ಕಾಲೇಜು ಟೀಮಿಗೆ ಆಡುತ್ತಿದ್ದೆ, ಸಿಮೆಂಟ್ ಕೋರ್ಟಿನಲ್ಲಿ. ಇಲ್ಲಿ ಕೆಲಸಕ್ಕೆ ಬಂದ ಮೇಲೆ ಮಗಳನ್ನು ಹತ್ತಿರದ ಕ್ಲಬ್ಬಿಗೆ ಸೇರಿಸಿದೆ. ಡಚ್ ಕ್ಲಬ್ಬಿಗೆ ಮಗುವನ್ನು ಸೇರಿಸಿದರೆ ಅಪ್ಪ ಅಮ್ಮನೂ ಸೇರಿದ ಹಾಗೆಯೇ. ಸ್ಕೋರ್ ಬರೆಯುವವರು, ಚೆಂಡು ಸಿಕ್ಕ ತಂಡಕ್ಕೆ ರಿಂಗಿಗೆ ಎಸೆಯಲು ಇರುವ 24 ಸೆಕೆಂಡಿನ ಗಡಿಯಾರ ಒತ್ತುವವರು, ಕ್ಯಾಂಟೀನಿನಲ್ಲಿ ಕಾಫಿ ಕೊಡುವವರು, ಶನಿವಾರ ಕಾರಿನಲ್ಲಿ ಟೀಮನ್ನು ಪಕ್ಕದ ಊರಿಗೆ ಕರೆದೊಯ್ಯುವವರು, ಎಲ್ಲಾ ನಾವೇ. ಚಿಕ್ಕವರ ಪಂದ್ಯಕ್ಕೆ ರೆಫ್ರಿ ದೊಡ್ಡ ಮಕ್ಕಳು. ನಾನು ಒಂದು ಕಾಲದಲ್ಲಿ ಆಡಿದವನು ಎಂದು ಗೊತ್ತಾಗಿದ್ದೇ ತಡ, ಕೈಗೆ ಸೀಟಿ ಬಂತು.

ಮೊದಲು ವಿಒಜಿ ಬೇಕು. ನಿಮ್ಮ ಮೇಲೆ ಈ ಕೆಲಸಕ್ಕೆ ಅಡ್ಡಿಯಾಗುವಂಥ ಅಪರಾಧ ದಾಖಲೆ ಇಲ್ಲ ಎಂದು ಸರ್ಕಾರ ಕೊಡುವ ಪತ್ರ ಅದು. ಕ್ಲಬ್ ಆನ್‌ಲೈನ್‌ನಲ್ಲಿ ಅರ್ಜಿ ಶುರು ಮಾಡುತ್ತದೆ, ನಾವು ಡಿಜಿಡಿಯಿಂದ (ಸರ್ಕಾರಿ ಆನ್‌ಲೈನ್ ಗುರುತು) ಲಾಗಿನ್ ಆಗಿ ಮುಗಿಸುತ್ತೇವೆ. ಮಕ್ಕಳ ಜೊತೆ ಸಂಬಳವಿಲ್ಲದೆ ದುಡಿಯುವವರಿಗೆ ಕ್ಲಬ್ ಮೂಲಕ ಪುಕ್ಕಟೆ ಸಿಗುತ್ತದೆ. ಆಮೇಲೆ ಫೆಡರೇಷನ್‌ನ ಟ್ರೈನರ್ ಕೋರ್ಸ್. ಪಾಠ ಕಡಿಮೆ, ಕೋರ್ಟಿನ ಮೇಲಿನ ಕೆಲಸ ಜಾಸ್ತಿ. ನಮಗೆ ಹೇಳಿಕೊಟ್ಟವರು ಹಿಂದೆ ಲೀಗ್‌ನಲ್ಲಿ ಆಡಿದವರು. ನಾವು ಮಕ್ಕಳಿಗೆ ಕಲಿಸುವಾಗ ಅವರು ಪಕ್ಕದಲ್ಲಿ ನಿಂತು ಸ್ಟಾಪ್‌ವಾಚ್ ಒತ್ತುತ್ತಿದ್ದರು. ಮಕ್ಕಳ ಓಟವನ್ನು ಅಳೆಯಲಿಕ್ಕಲ್ಲ. ನಮ್ಮ ಮಾತು ಕೇಳುತ್ತಾ ಮಕ್ಕಳು ಎಷ್ಟು ಹೊತ್ತು ಸುಮ್ನೆ ನಿಂತಿದ್ದರು ಎಂದು ಅಳೆಯಲಿಕ್ಕೆ! ಕೊನೆಗೆ ಆ ಲೆಕ್ಕವನ್ನು ನಮ್ಮ ಮುಂದೆ ಹಿಡಿಯುತ್ತಿದ್ದರು. ಅದಕ್ಕಿಂತ ದೊಡ್ಡ ವಿಮರ್ಶೆ ಬೇಕಿರಲಿಲ್ಲ.

ನಮ್ಮ ಕಾಲೇಜಿನ ಪಿಟಿ ಸರ್ ನೆನಪಾದರು. "ಹೇಳಿದಷ್ಟು ಮಾಡು" ಎನ್ನುವುದೇ ಅವರ ಮಂತ್ರ. ಸುಮ್ಮನೆ ಅವರನ್ನು ಹಳಿಯುವುದಿಲ್ಲ. ಎಡಗೈ ಲೇಅಪ್ (ಓಡಿ ಬಂದು ರಿಂಗ್ ಹತ್ತಿರ ಹಾರಿ ಚೆಂಡು ಹಾಕುವುದು) ನನಗೆ ಇವತ್ತಿಗೂ ಬರುವುದು ಅವರು ಬೆವರಿಳಿಸಿ ಮಾಡಿಸಿದ್ದರಿಂದಲೇ. ಡಚ್ ಮಕ್ಕಳು ಇಂಥದ್ದಕ್ಕೆ ಬೇಗ ಬೇಸರ ಪಡುತ್ತಾರೆ, "ಯಾಕೆ?" ಎಂದು ಎದುರು ಕೇಳುತ್ತಾರೆ, ನನ್ನನ್ನು ಹೆಸರು ಹಿಡಿದೇ ಕರೆಯುತ್ತಾರೆ. ಆದರೂ ಪ್ರತಿ ಸಂಜೆ ಶುರುವಿಗೆ ಎಡಗೈ ಲೇಅಪ್ ಮಾಡಿಸುತ್ತೇನೆ. ಆ ವಿಷಯದಲ್ಲಿ ನಾನು ಮೈಸೂರಿನವನೇ.

ಉಳಿದದ್ದರಲ್ಲಿ ನನ್ನನ್ನು ಬದಲಾಯಿಸಿದ್ದು 3x3 ಎಂಬ ಚಿಕ್ಕ ಬಾಸ್ಕೆಟ್‌ಬಾಲ್. ಅರ್ಧ ಕೋರ್ಟ್, ಒಂದೇ ರಿಂಗ್, ಮೂವರು ಆಟಗಾರರು, ಒಬ್ಬ ಬದಲಿ. ಹತ್ತು ನಿಮಿಷ, ಇಲ್ಲವೇ ಮೊದಲು 21 ಮುಟ್ಟಿದವರು. ರಿಂಗಿಗೆ ಎಸೆಯಲು ಸಿಗುವುದು 12 ಸೆಕೆಂಡ್. ರಿಂಗಿನ ಸುತ್ತ 6.75 ಮೀಟರ್ ದೂರದಲ್ಲಿರುವ ಗೆರೆಯ ಒಳಗಿಂದ ಹಾಕಿದರೆ ಒಂದು ಪಾಯಿಂಟ್, ಹೊರಗಿಂದ ಎರಡು. ಎಲ್ಲಕ್ಕಿಂತ ವಿಚಿತ್ರ ನಿಯಮ ಕೋಚ್‌ನದು: ಪಂದ್ಯ ನಡೆಯುವಾಗ ಕೋರ್ಟ್ ಪಕ್ಕ ಇರುವಂತಿಲ್ಲ, ಗ್ಯಾಲರಿಯಿಂದ ಕೂಗಿ ಹೇಳುವಂತೆಯೂ ಇಲ್ಲ. ಯಾರು ಹೊರಗೆ ಬರಬೇಕು, ಯಾವಾಗ ಟೈಮ್‌ಔಟ್ ತೆಗೆದುಕೊಳ್ಳಬೇಕು, ಎಲ್ಲಾ ಆಟಗಾರರೇ ನೋಡಿಕೊಳ್ಳಬೇಕು.

2024ರ ಆಗಸ್ಟ್ 5, ಪ್ಯಾರಿಸ್ ಒಲಿಂಪಿಕ್ಸ್‌ನ ಪುರುಷರ 3x3 ಫೈನಲ್, ಆಡುತ್ತಿರುವುದು ನೆದರ್‌ಲ್ಯಾಂಡ್ಸ್. ಎದುರಿಗೆ ಫ್ರಾನ್ಸ್, ಸುತ್ತ ಅವರದೇ ಜನ. 16–16. ಓವರ್‌ಟೈಮ್‌ನಲ್ಲಿ ಮೊದಲು ಎರಡು ಪಾಯಿಂಟ್ ಮಾಡಿದವರಿಗೆ ಚಿನ್ನ. ಫ್ರಾನ್ಸ್ ಒಂದು ಮಾಡಿಬಿಟ್ಟಿತು. ಆಗ ವರ್ದಿ ಡಿ ಯಾಂಗ್ ಗೆರೆಯಾಚೆಯಿಂದ ಎಸೆದದ್ದು ಒಳಗೆ ಬಿತ್ತು. 18–17. ಬಾಸ್ಕೆಟ್‌ಬಾಲಿನಲ್ಲಿ ನೆದರ್‌ಲ್ಯಾಂಡ್ಸ್‌ಗೆ ಮೊದಲ ಒಲಿಂಪಿಕ್ ಪದಕವೇ ಚಿನ್ನ. ಸ್ಲಾಖ್ಟರ್ ಕೂಡ ಆ ನಾಲ್ವರಲ್ಲಿ ಒಬ್ಬರು. ವಾನ್ ಹೆಲ್ಫ್ಟರನ್ ಜೊತೆ 2015ರಲ್ಲಿ ಹೋದವರು ಎಂದೆನಲ್ಲ, ಅವರೇ ಇಬ್ಬರೂ. ಈ ತಂಡದ ಕೋಚ್ ಆರನ್ ರೋಯೆ, ಅವರೂ ಆಟಗಾರರಾಗಿದ್ದವರೇ. ಡಿ ಯಾಂಗ್ ಕೈಯಿಂದ ಚೆಂಡು ಹೊರಡುವಾಗ ಅವರು ಮಾಡಬಹುದಾದದ್ದು ಏನೂ ಇರಲಿಲ್ಲ. ಮಾಡಬೇಕಾದದ್ದನ್ನೆಲ್ಲ ಮೊದಲೇ ಮುಗಿಸಿರಬೇಕು.

ಮೊದಲೇ ಮುಗಿಸುವುದು ಹೇಗೆ? ನಾನು ಮಾಡುವುದನ್ನು ಹೇಳುತ್ತೇನೆ. 3x3ರಲ್ಲಿ ಪಾಯಿಂಟ್ ಬಿದ್ದ ಮೇಲೂ ಆಟ ನಿಲ್ಲುವುದಿಲ್ಲ. ಪಾಯಿಂಟ್ ಕೊಟ್ಟವರು ರಿಂಗ್ ಕೆಳಗಿನಿಂದ ಚೆಂಡು ಎತ್ತಿಕೊಂಡು, 6.75 ಮೀಟರ್ ಗೆರೆಯ ಹೊರಗೆ ದಾಟಿಸಬೇಕು. ಆಮೇಲೆಯೇ ಎಸೆಯಬಹುದು. ಮಕ್ಕಳು ಎಡವುವುದೆಲ್ಲ ಇಲ್ಲೇ. ಮೂವರೂ ಚೆಂಡಿನ ಹಿಂದೆ ಓಡುತ್ತಾರೆ. ಹಾಗಾಗಿ ಇದನ್ನೇ ಮತ್ತೆ ಮತ್ತೆ ಆಡಿಸುತ್ತೇನೆ. ಮಧ್ಯದಲ್ಲಿ ಸೀಟಿ ಊದುತ್ತೇನೆ, ಎಲ್ಲರೂ ಇದ್ದಲ್ಲೇ ನಿಲ್ಲಬೇಕು. ಚೆಂಡು ಇಟ್ಟುಕೊಂಡವನನ್ನು ಬಿಟ್ಟು ಉಳಿದವರಲ್ಲಿ ಒಬ್ಬರನ್ನು ಕೇಳುತ್ತೇನೆ, "ಈಗ ಜಾಗ ಎಲ್ಲಿದೆ?"

ಒಂದು ಸಂಜೆ ಹೀಗೇ ನಿಲ್ಲಿಸಿದಾಗ ಒಬ್ಬಳು ಹುಡುಗಿ ಮೂಲೆಯಲ್ಲಿ ಗೆರೆಯಾಚೆ ಕೈ ಎತ್ತಿಕೊಂಡು ನಿಂತಿದ್ದಳು. ಸುತ್ತ ಯಾರೂ ಇಲ್ಲ. ಚೆಂಡಿದ್ದ ಹುಡುಗ ತಲೆ ತಗ್ಗಿಸಿ ಡ್ರಿಬಲ್ ಮಾಡುತ್ತಾ, ಅಂದರೆ ಚೆಂಡು ಕುಟ್ಟುತ್ತಾ, ನೇರ ಗೆರೆಯ ಕಡೆ ಹೋಗುತ್ತಿದ್ದ, ಇಬ್ಬರು ಅವನಿಗೆ ಅಡ್ಡ ನಿಂತಿದ್ದರು. ಅವಳನ್ನು ಕೇಳಿದೆ. "ಜಾಗ ನಾನಿರೋ ಕಡೆ ಇದೆ. ಆದರೆ ಇವನು ಯಾವತ್ತೂ ಈ ಕಡೆ ನೋಡಲ್ಲ," ಎಂದಳು. ಹುಡುಗ ನಕ್ಕ. "ನೀನು ಕೂಗಲ್ಲವಲ್ಲ!" ಎಂದ. ಮುಂದಿನ ಸಲ ಅವಳು ಕೂಗಿದಳು, ಹಾಲ್ ಪೂರ್ತಿ ಕೇಳುವಂತೆ. ಪಾಸ್ ಬಂತು. ನಾನು ಹೇಳಿದ್ದು ಒಂದು ಪ್ರಶ್ನೆ, ಅಷ್ಟೇ.

ಪ್ರಶ್ನೆಗೂ ಬಗ್ಗದಿದ್ದರೆ ನಿಯಮ ಬದಲಿಸುತ್ತೇನೆ. ಈಗ ಐದು ನಿಮಿಷ ಡ್ರಿಬಲ್ ಇಲ್ಲ, ಪಾಸ್ ಮಾತ್ರ. "ತಲೆ ಎತ್ತಿ ನೋಡು" ಎಂದು ನೂರು ಸಲ ಕೂಗುವುದಕ್ಕಿಂತ ಇದು ವಾಸಿ. ಚೆಂಡು ಕುಟ್ಟುವಂತಿಲ್ಲ ಎಂದಾದರೆ ತಲೆ ತಾನಾಗಿಯೇ ಮೇಲೇಳುತ್ತದೆ.

ಇದು ಎಲ್ಲರಿಗೂ ಹಿಡಿಸುವುದಿಲ್ಲ. ಕ್ಲಬ್ಬಿನಲ್ಲಿ ಇನ್ನೊಂದು ಕನ್ನಡದ ಮನೆಯವರಿದ್ದಾರೆ. ಹುಡುಗನ ತಂದೆ ಒಂದು ದಿನ ಪಕ್ಕಕ್ಕೆ ಕರೆದರು. "ಸರ್, ನೀವು ತುಂಬಾ ಸಾಫ್ಟು. ನಮ್ಮವನಿಗೆ ಸ್ವಲ್ಪ ಗದರಿಸಿ ಹೇಳಿ."

"ನೀವು ಮನೇಲಿ ಗದರಿಸ್ತೀರಲ್ವಾ?"

"ಹೂಂ."

"ಕೇಳ್ತಾನಾ?"

"ಎಲ್ಲಿ ಕೇಳ್ತಾನೆ ಬಿಡಿ ಸರ್," ಎಂದು ಅವರೇ ನಕ್ಕರು. ಈಗ ಅವರೇ ನಮ್ಮ 24 ಸೆಕೆಂಡಿನ ಗಡಿಯಾರದ ಉಸ್ತುವಾರಿ. ಬಹಳ ಕಟ್ಟುನಿಟ್ಟು.

ಈ ದೇಶದಲ್ಲಿರುವ ಕನ್ನಡಿಗರಲ್ಲಿ ಆಡಿದ ಅನುಭವ ಇರುವವರು ಯಾರಾದರೂ ಇದಕ್ಕೆ ಕೈ ಹಾಕುವ ಮನಸ್ಸಿದ್ದರೆ, ಸೆಪ್ಟೆಂಬರ್‌ನಲ್ಲಿ ಸೀಸನ್ ಶುರುವಾಗುವ ಮುಂಚೆ ಹತ್ತಿರದ ಕ್ಲಬ್ಬಿಗೆ ಹೋಗಿ ಕೇಳಿ. ಟ್ರೈನರ್ ಕೊರತೆ ಆಗಲೇ ಎದ್ದು ಕಾಣುವುದು. ಡಚ್ ಅರ್ಧಂಬರ್ಧ ಬಂದರೂ ನಡೆಯುತ್ತದೆ, ಮಕ್ಕಳು ತಿದ್ದುತ್ತಾರೆ, ಖುಷಿಯಿಂದಲೇ. ಬೇರೆ ಜೊತೆ ಶೂ ಮಾತ್ರ ಬ್ಯಾಗಿನಲ್ಲಿರಲಿ. ಬೀದಿಯಲ್ಲಿ ಹಾಕಿಕೊಂಡು ಬಂದ ಶೂನಲ್ಲಿ ಹಾಲ್ ಒಳಗೆ ಬಿಡುವುದಿಲ್ಲ, ನೀವು ಎಷ್ಟೇ ದೊಡ್ಡ ಕೋಚ್ ಆಗಿದ್ದರೂ.