ಹಳೆಯ ಕಾರು: ಎಂಜಿನ್ ತಣ್ಣಗಿರುವಾಗಲೇ ನೋಡಿ

ಮಾರುವವರು ‘ನೀವು ಬರೋಷ್ಟರಲ್ಲಿ ಗಾಡಿ ಸ್ಟಾರ್ಟ್ ಮಾಡಿ ಇಟ್ಟಿರ್ತೀನಿ’ ಅಂದರೆ ಬೇಡ ಎನ್ನಿ. ಹತ್ತು ಹನ್ನೆರಡು ವರ್ಷ ಓಡಿದ ಕಾರಿನ ಎಂಜಿನ್ ತನ್ನ ಗುಟ್ಟನ್ನು ಬಿಟ್ಟುಕೊಡುವುದು ರಾತ್ರಿಯಿಡೀ ನಿಂತು ಮೊದಲ ಸಲ ಸ್ಟಾರ್ಟ್ ಆಗುವ ಒಂದೆರಡು ನಿಮಿಷದಲ್ಲಿ. ಬಿಸಿಯಾದ ಮೇಲೆ ಲೋಹ ಹಿಗ್ಗುತ್ತದೆ, ಆಯಿಲ್ ಎಲ್ಲ ಕಡೆ ಹರಡಿರುತ್ತದೆ, ಹೊಗೆಯೂ ಶಬ್ದವೂ ಅಡಗುತ್ತವೆ. ಹೋದ ಕೂಡಲೇ ಬಾನೆಟ್ ಮೇಲೆ ಕೈಯಿಟ್ಟು ನೋಡಿ. ಬೆಚ್ಚಗಿದ್ದರೆ ಇನ್ನೊಂದು ದಿನ ಬನ್ನಿ.

ಮೊದಲು ಬಾಡಿ, ಆಮೇಲೆ ಎಂಜಿನ್

ಎಂಜಿನ್ ಕೆಟ್ಟರೆ ಬಿಚ್ಚಿ ಸರಿಮಾಡಬಹುದು. ತುಕ್ಕು ತಿಂದ ಬಾಡಿಗೆ ಮದ್ದು ಕಷ್ಟ. ಈಗಿನ ಹೆಚ್ಚಿನ ಕಾರುಗಳಿಗೆ ಬೇರೆ ಚಾಸಿ (ಅಡಿಯ ಚೌಕಟ್ಟು) ಇಲ್ಲ, ಭಾರ ಹೊರುವುದು ಬಾಡಿಯೇ. ಹಾಗಾಗಿ ಬಾಗಿಲಿನ ಕೆಳಗಿನ ಪಟ್ಟಿ, ಜಾಕ್ ಕೊಡುವ ಜಾಗ, ಸ್ಟೆಪ್ನಿ ಕೂರುವ ಗುಂಡಿ, ಶಾಕ್ ಅಬ್ಸಾರ್ಬರ್‌ನ ಮೇಲ್ತುದಿ ಬಾಡಿಗೆ ಸೇರುವ ಭಾಗ, ಈ ನಾಲ್ಕನ್ನೂ ಟಾರ್ಚ್ ಹಿಡಿದು ನೋಡಿ. ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ತಟ್ಟಿ. ಗಟ್ಟಿ ತಗಡು ಟಣ್ ಅನ್ನುತ್ತದೆ, ಕೊಳೆತದ್ದು ಮಂಕಾಗಿ ಸದ್ದು ಮಾಡಿ ಹುಡಿ ಉದುರಿಸುತ್ತದೆ. ಮೇಲ್ಮೈಯ ತುಕ್ಕನ್ನು ಉಜ್ಜಿ ಪ್ರೈಮರ್ ಹಾಕಿದರೆ ಮುಗಿಯಿತು. ಈ ಜಾಗಗಳಲ್ಲಿ ತೂತು ಬಿದ್ದಿದ್ದರೆ ಮಾತ್ರ, ರೇಟು ಎಷ್ಟೇ ಇಳಿಸಿದರೂ ಆ ಕಾರನ್ನು ಬಿಟ್ಟುಬಿಡಿ.

ಬಣ್ಣದ ಅಡಿಯಲ್ಲಿ ಪುಟ್ಟಿ ಇದೆಯೇ ಎಂದು ತಿಳಿಯಲು ಚಿಕ್ಕ ಅಯಸ್ಕಾಂತವನ್ನು ತೆಳು ಬಟ್ಟೆಯಲ್ಲಿ ಸುತ್ತಿ ಹಿಡಿಯಿರಿ. ಪುಟ್ಟಿ ದಪ್ಪಗಿರುವಲ್ಲಿ ಅದು ಕಚ್ಚುವುದಿಲ್ಲ. (ಪ್ಲಾಸ್ಟಿಕ್ ಬಂಪರ್, ಅಲ್ಯೂಮಿನಿಯಂ ಬಾನೆಟ್‌ಗೆ ಈ ಪರೀಕ್ಷೆ ನಡೆಯದು.) ಫೆಂಡರ್, ಬಾನೆಟ್‌ನ ಬೋಲ್ಟ್ ತಲೆಯ ಮೇಲಿನ ಬಣ್ಣ ಎದ್ದಿದ್ದರೆ ಅಲ್ಲಿ ಸ್ಪ್ಯಾನರ್ ಆಡಿದೆ ಎಂದರ್ಥ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆಯಿರಿ. ಒಳಗಿನ ತುದಿಯಲ್ಲಿ ಕೆಸರಿನ ಗೆರೆ ಕಂಡರೆ ಆ ಕಾರು ಪ್ರವಾಹದ ನೀರಲ್ಲಿ ನಿಂತಿತ್ತೆಂದು ತಿಳಿಯಿರಿ.

ಸ್ಟಾರ್ಟ್ ಮಾಡುವ ಮುನ್ನ

ಡಿಪ್‌ಸ್ಟಿಕ್ (ಎಂಜಿನ್ ಆಯಿಲ್ ಅಳೆಯುವ ಕಡ್ಡಿ) ಎಳೆದು ಮಟ್ಟ ನೋಡಿ. ಆಯಿಲ್ ಕಪ್ಪಗಿದ್ದರೆ ಗಾಬರಿ ಬೇಡ, ಡೀಸೆಲ್‌ನಲ್ಲಂತೂ ಬದಲಿಸಿದ ಸ್ವಲ್ಪ ದಿನಕ್ಕೇ ಕಪ್ಪಾಗುತ್ತದೆ. ಹಾಲು ಬೆರೆಸಿದ ಕಾಫಿಯ ಬಣ್ಣವಿದ್ದರೆ ಕೂಲೆಂಟ್ (ಎಂಜಿನ್ ತಣಿಸುವ ದ್ರವ) ಸೇರಿದೆ. ಆಯಿಲ್ ಮುಚ್ಚಳದ ಒಳಗೆ ಮಾತ್ರ ತೆಳು ಕೆನೆ ಕಂಡರೆ ಅದು ಸಣ್ಣಪುಟ್ಟ ಓಡಾಟದ ತೇವವೂ ಆಗಿರಬಹುದು. ರೇಡಿಯೇಟರ್ ಮುಚ್ಚಳವನ್ನು ಎಂಜಿನ್ ತಣ್ಣಗಿರುವಾಗ ಮಾತ್ರ ತೆಗೆಯಿರಿ. ಒಳಗೆ ತುಕ್ಕಿನ ನೀರಿದ್ದರೆ ಬರೀ ನಲ್ಲಿ ನೀರು ಹಾಕಿಕೊಂಡು ಓಡಿಸಿದ್ದಾರೆ ಎಂದೇ ಲೆಕ್ಕ.

ಈಗ ಕೀ ತಿರುಗಿಸಿ

ಒಬ್ಬರು ಸ್ಟಾರ್ಟ್ ಮಾಡಲಿ, ಇನ್ನೊಬ್ಬರು ಸೈಲೆನ್ಸರ್ ಹಿಂದೆ ನಿಲ್ಲಲಿ. ಚಳಿಯಲ್ಲಿ ತೆಳು ಬಿಳಿ ಹಬೆ ಬಂದು ಮಾಯವಾಗುವುದು ಸಹಜ. ಸ್ಟಾರ್ಟ್ ಆದಾಗ ಒಮ್ಮೆ ನೀಲಿ ಹೊಗೆ ಉಗುಳಿ ನಿಂತರೆ ವಾಲ್ವ್ ಸೀಲ್ (ವಾಲ್ವ್ ಬಳಿ ಆಯಿಲ್ ಒಳಗಿಳಿಯದಂತೆ ತಡೆಯುವ ರಬ್ಬರ್) ಸವೆದಿದೆ, ಅದು ಅಷ್ಟು ದೊಡ್ಡ ಕೆಲಸವಲ್ಲ. ಓಡುವಾಗ ಆಕ್ಸಿಲರೇಟರ್ ಒತ್ತಿದಾಗಲೆಲ್ಲ ನೀಲಿ ಹೊಗೆ ಬಂದರೆ ಪಿಸ್ಟನ್ ರಿಂಗ್ (ಪಿಸ್ಟನ್ ಸುತ್ತಲಿನ ಬಿಗಿ ಬಳೆ) ಮೇಲೆ ಅನುಮಾನ. ದಟ್ಟ ಬಿಳಿ ಹೊಗೆ, ಸಿಹಿ ವಾಸನೆ, ಎಷ್ಟು ಹೊತ್ತಾದರೂ ನಿಲ್ಲದಿದ್ದರೆ ಕೂಲೆಂಟ್ ಉರಿಯುತ್ತಿದೆ.

ಈ ಕೊನೆಯದನ್ನು ಖಾತ್ರಿ ಮಾಡಿಕೊಳ್ಳಲು ರೇಡಿಯೇಟರ್‌ನ ಮೇಲಿನ ಹೋಸ್ ಹಿಸುಕಿ ನೋಡಿ. ಸ್ಟಾರ್ಟ್ ಆಗಿ ಒಂದೆರಡು ನಿಮಿಷದೊಳಗೆ, ನೀರಿನ್ನೂ ತಣ್ಣಗಿರುವಾಗಲೇ ಹೋಸ್ ಕಲ್ಲಿನಂತಾದರೆ ಸಿಲಿಂಡರಿನ ಗ್ಯಾಸು ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್ ಮತ್ತು ಅದರ ಮೇಲೆ ಕೂರುವ ಹೆಡ್ ನಡುವಿನ ಸೀಲು) ದಾಟಿ ನೀರಿಗೆ ನುಗ್ಗುತ್ತಿದೆ. ಇಂಥ ಎಂಜಿನ್‌ಗೆ ಬರೀ ಗ್ಯಾಸ್ಕೆಟ್ ಬದಲಿಸಿದರೆ ಸಾಲದು. ಹೆಡ್ ಬಾಗಿದೆಯೇ ಎಂದು ಅಳೆದು, ಬಾಗಿದ್ದರೆ ಲೇತ್‌ಗೆ ಕಳಿಸಿ ಫೇಸಿಂಗ್ (ಮಟ್ಟಸ) ಮಾಡಿಸಬೇಕು.

ರಿಂಗ್ ಸವೆದಿದೆಯೋ ವಾಲ್ವ್ ಸೋರುತ್ತಿದೆಯೋ ಎಂಬುದನ್ನು ಸಿಲಿಂಡರಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ಹೇಳುತ್ತದೆ. ಎಂಜಿನ್ ಬಿಸಿಮಾಡಿ, ಪೆಟ್ರೋಲ್ ಮತ್ತು ಇಗ್ನಿಷನ್ ಸಂಪರ್ಕ ಕಡಿದು, ಎಲ್ಲ ಸ್ಪಾರ್ಕ್ ಪ್ಲಗ್ ತೆಗೆದು, ಒಂದೊಂದೇ ಪ್ಲಗ್ ತೂತಿಗೆ ಗೇಜ್ ಕೂರಿಸಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಐದಾರು ಸುತ್ತು ಕ್ರ್ಯಾಂಕ್ ಮಾಡಿ (ಸ್ಟಾರ್ಟರ್‌ನಿಂದ ತಿರುಗಿಸಿ). ಸಿಲಿಂಡರುಗಳ ನಡುವೆ ಶೇ 10–15ಕ್ಕಿಂತ ಹೆಚ್ಚು ವ್ಯತ್ಯಾಸವಿರಬಾರದು. ಕಡಿಮೆ ತೋರಿದ ಸಿಲಿಂಡರಿಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಏರಿದರೆ ರಿಂಗ್, ಹಾಗೇ ಇದ್ದರೆ ವಾಲ್ವ್ ಇಲ್ಲವೇ ಗ್ಯಾಸ್ಕೆಟ್.

ರಸ್ತೆಯಲ್ಲಿ

ಟಾಪ್ ಗೇರಿನಲ್ಲಿ ನಿಧಾನವಾಗಿ ಹೋಗುತ್ತಾ ಪೂರ್ತಿ ಆಕ್ಸಿಲರೇಟರ್ ಕೊಡಿ. ಎಂಜಿನ್ ಕೂಗು ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಸ್ಟೇರಿಂಗ್ ಪೂರ್ತಿ ತಿರುಗಿಸಿ ಮೆಲ್ಲಗೆ ಓಡಿಸುವಾಗ ಮುಂದಿನ ಚಕ್ರದಲ್ಲಿ ಕಟಕಟ ಎಂದರೆ ಡ್ರೈವ್ ಶಾಫ್ಟ್‌ನ ಜಾಯಿಂಟ್ ಹೋಗಿದೆ. ಟೈರ್ ಪಕ್ಕದಲ್ಲಿರುವ ಕೊನೆಯ ನಾಲ್ಕು ಅಂಕಿ ಅದರ ವಯಸ್ಸು: 2319 ಎಂದರೆ 2019ರ 23ನೇ ವಾರ.

ಕೊಂಡ ಮೇಲೆ

ಟೈಮಿಂಗ್ ಬೆಲ್ಟ್ (ವಾಲ್ವ್‌ಗಳನ್ನು ಪಿಸ್ಟನ್ ಜೊತೆ ತಾಳಕ್ಕೆ ಆಡಿಸುವ ಬೆಲ್ಟ್) ಇರುವ ಎಂಜಿನ್ ಆಗಿದ್ದು, ಅದನ್ನು ಬದಲಿಸಿದ ಬಿಲ್ ಸಿಗದಿದ್ದರೆ ಬದಲಿಸಿಲ್ಲವೆಂದೇ ತಿಳಿಯಿರಿ. ಬಾಯಿಮಾತು ಲೆಕ್ಕಕ್ಕಿಲ್ಲ. ಎಷ್ಟು ಕಿಲೋಮೀಟರಿಗೆ, ಎಷ್ಟು ವರ್ಷಕ್ಕೆ ಬದಲಿಸಬೇಕೆಂದು ಕೈಪಿಡಿಯಲ್ಲಿರುತ್ತದೆ; ಎರಡರಲ್ಲಿ ಯಾವುದು ಮೊದಲೋ ಅದು. ಬೆಲ್ಟ್ ಹರಿದರೆ ಬಹಳಷ್ಟು ಎಂಜಿನ್‌ಗಳಲ್ಲಿ ಪಿಸ್ಟನ್ ಬಡಿದು ವಾಲ್ವ್‌ಗಳು ಬಾಗುತ್ತವೆ. ಬೆಲ್ಟನ್ನು ಬಿಗಿ ಹಿಡಿಯುವ ಟೆನ್ಷನರ್, ಅದನ್ನು ದಾರಿಯಲ್ಲಿಡುವ ಐಡ್ಲರ್ ಬೇರಿಂಗನ್ನೂ, ಬೆಲ್ಟಿನಿಂದಲೇ ತಿರುಗುವ ವಾಟರ್ ಪಂಪನ್ನೂ ಒಟ್ಟಿಗೇ ಹಾಕಿಸಿ. ಇಲ್ಲದಿದ್ದರೆ ಪಂಪ್ ಸೋರಿದ ದಿನ ಅದೇ ಕೂಲಿ ಮತ್ತೊಮ್ಮೆ.

ಕೂಲೆಂಟ್ ಪೂರ್ತಿ ಇಳಿಸಿ, ನೀರು ತಿಳಿಯಾಗುವವರೆಗೆ ತೊಳೆದು, ಕಾನ್ಸಂಟ್ರೇಟ್ (ನೀರು ಬೆರೆಸದ ಕೂಲೆಂಟ್) ಮತ್ತು ಡಿಸ್ಟಿಲ್ಡ್ ವಾಟರ್ ಸಮಪಾಲು ಹಾಕಿ. ಬಣ್ಣ ನೋಡಿ ಕೊಳ್ಳಬೇಡಿ, ಬಣ್ಣಕ್ಕೂ ರಾಸಾಯನಿಕಕ್ಕೂ ಖಾತ್ರಿಯ ನಂಟಿಲ್ಲ. ಕೈಪಿಡಿ ಹೇಳಿದ ಬಗೆಯನ್ನೇ ತನ್ನಿ. ತುಂಬುವಾಗ ಹೀಟರನ್ನು ಪೂರ್ತಿ ಬಿಸಿಗಿಟ್ಟು ಎಂಜಿನ್ ಓಡಿಸಿದರೆ ಒಳಗೆ ಸಿಕ್ಕಿಕೊಂಡ ಗಾಳಿ ಹೊರಬರುತ್ತದೆ. ರೇಡಿಯೇಟರ್ ಮುಚ್ಚಳವನ್ನೂ ಹೊಸದು ಹಾಕಿ. ಅದು ಸುಮಾರು 1 ಬಾರ್ ಒತ್ತಡ ಹಿಡಿದಿಟ್ಟರೆ ಬರೀ ನೀರೂ 120 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದು. ಮುಚ್ಚಳದ ರಬ್ಬರ್ ಸತ್ತರೆ 100ಕ್ಕೇ ಕುದಿದು ಉಕ್ಕುತ್ತದೆ.

ಬ್ರೇಕ್ ಫ್ಲೂಯಿಡ್ ಗಾಳಿಯ ತೇವ ಹೀರುತ್ತದೆ. ಡಾಟ್ 4 ಮಾನದಂಡದಲ್ಲಿ ಹೊಸದರ ಕುದಿಬಿಂದು ಕನಿಷ್ಠ 230 ಡಿಗ್ರಿ, ತೇವ ಹೀರಿದ್ದಕ್ಕೆ 155. ಘಟ್ಟ ಇಳಿಯುವಾಗ ಬ್ರೇಕಿನ ಬಿಸಿಗೆ ಅದು ಕುದಿದು ಆವಿಯಾಗುತ್ತದೆ; ಪೆಡಲ್ ಮೆತ್ತಗಾಗುವುದಕ್ಕೆ ಇದೂ ಕಾರಣ. ಎರಡು ವರ್ಷಕ್ಕೊಮ್ಮೆ ಬದಲಿಸಿ.

ಮೊದಲ ಕೆಲವು ವಾರ ರಾತ್ರಿ ಕಾರಿನಡಿ ಒಂದು ರಟ್ಟು ಹಾಸಿ. ಕಂದು ಕಲೆ ಎಂಜಿನ್ ಆಯಿಲ್, ಕೆಂಪು ಹೆಚ್ಚಾಗಿ ಪವರ್ ಸ್ಟೇರಿಂಗ್ ಇಲ್ಲವೇ ಆಟೊಮ್ಯಾಟಿಕ್ ಗೇರ್‌ಬಾಕ್ಸ್‌ನದು, ಹಸಿರು ಅಥವಾ ಗುಲಾಬಿ ಕೂಲೆಂಟ್. ಚಕ್ರದ ಒಳಬದಿಯಲ್ಲಿ ಜಾರುವಂಥ ತಿಳಿಹಳದಿ ಪಸೆ ಕಂಡರೆ ಬ್ರೇಕ್ ಸೋರುತ್ತಿದೆ, ಗಾಡಿ ಅಲ್ಲಿಂದ ಕದಲಿಸಬೇಡಿ. ಎಸಿ ಹಾಕಿ ಓಡಿಸಿ ಬಂದ ಮೇಲೆ ಬೀಳುವ ಬಣ್ಣವಿಲ್ಲದ ನೀರಿಗೆ ಮೆಕ್ಯಾನಿಕ್ ಬೇಕಿಲ್ಲ.